ಮೃದುಮಸೂರದ ಕಥೆಯೂ ಅದರ ಇತಿಹಾಸವೂ

೧

ವಿಜ್ಞಾನದ ಇತಿಹಾಸವನ್ನು ಪಾಠ ಹೇಳುವವರ ಬತ್ತಳಿಕೆಯಲ್ಲಿ ಕೆಲವು ಕಥೆಗಳು ಯಾವಾಗಲೂ ಸಿದ್ಧವಾಗಿರುತ್ತವೆ. ಸೇಬಿನ ಮರದ ಕೆಳಗೆ ಕುಳಿತ ನ್ಯೂಟನ್, ಸ್ನಾನದ ತೊಟ್ಟಿಯಿಂದೆದ್ದು ಓಡಿದ ಆರ್ಕಿಮಿಡೀಸ್, ಕೆಟಲಿನ ಹಬೆಯನ್ನು ದಿಟ್ಟಿಸುತ್ತಿದ್ದ ಬಾಲಕ ವ್ಯಾಟ್. ತರಗತಿ ತೂಕಡಿಸತೊಡಗಿದಾಗ ಇವು ನಮ್ಮ ನೆರವಿಗೆ ಬರುತ್ತವೆ. ಈ ಸಾಲಿಗೆ ಇಪ್ಪತ್ತನೆಯ ಶತಮಾನವು ಸೇರಿಸಿದ ಕಥೆಗಳಲ್ಲಿ ಜೆಕ್ ರಸಾಯನವಿಜ್ಞಾನಿ ಓಟೋ ವಿಖ್ಟರ್ಲೆ ಅವರ ಕಥೆಯೂ ಒಂದು. ೧೯೬೧ರ ಕ್ರಿಸ್ಮಸ್ ಹಬ್ಬದ ದಿನ ಪ್ರಾಗ್ ನಗರದ ತಮ್ಮ ಮನೆಯ ಅಡುಗೆಮನೆಯಲ್ಲಿ, ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಕಟ್ಟಿದ ಯಂತ್ರವೊಂದರಲ್ಲಿ ಅವರು ಮೃದುವಾದ ಸ್ಪರ್ಶಮಸೂರವನ್ನು, ಎಂದರೆ ನಾವು ಕಾಂಟ್ಯಾಕ್ಟ್ ಲೆನ್ಸ್ ಎಂದು ಕರೆಯುವುದನ್ನು, ತಯಾರಿಸಿದರು ಎಂಬುದು ಆ ಕಥೆಯ ತಿರುಳು.

ಕಥೆ ಸುಳ್ಳಲ್ಲ; ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಆದರೆ ಸುಳ್ಳಲ್ಲದ ಕಥೆಯೂ ಇತಿಹಾಸವನ್ನು ಮರೆಮಾಡಬಲ್ಲುದು. ಯಾವುದು ಹೇಗೆ ಮರೆಯಾಯಿತು, ಅದರಿಂದ ನಮಗಾಗುವ ಹಾನಿಯೇನು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ಲೇಖಕನು ರಸಾಯನವಿಜ್ಞಾನಿಯಲ್ಲ, ಇತಿಹಾಸದ ಅಧ್ಯಾಪಕ. ಆದುದರಿಂದ ವಸ್ತುವಿನ ಗುಣಗಳನ್ನು ಕುರಿತು ಇಲ್ಲಿ ಹೇಳುವ ಮಾತು ವಾದಕ್ಕೆ ಅಗತ್ಯವಾದಷ್ಟೇ ಇರುತ್ತದೆ.

೨

ಮೊದಲು ಕಥೆಯನ್ನು ಜನ ಹೇಳುವ ಕ್ರಮದಲ್ಲಿಯೇ ನೋಡೋಣ. ವಿಖ್ಟರ್ಲೆ ಅವರು ಮೊರಾವಿಯಾ ಪ್ರಾಂತದ ಪ್ರಾಸ್ಟೆಯೊವ್ ಪಟ್ಟಣದಲ್ಲಿ ೧೯೧೩ರಲ್ಲಿ ಹುಟ್ಟಿದವರು. ೧೯೩೯ರಲ್ಲಿ ನಾಟ್ಸಿಗಳು ಜೆಕ್ ವಿಶ್ವವಿದ್ಯಾನಿಲಯಗಳನ್ನು ಮುಚ್ಚಿಸಿದಾಗ ಜ್ಲೀನ್ ಪಟ್ಟಣದ ಬಾಟಾ ಕಾರ್ಖಾನೆಯ ಸಂಶೋಧನಾಲಯವನ್ನು ಸೇರಿದರು. ಅಲ್ಲಿ ನೈಲಾನ್ ಜಾತಿಯ ‘ಸಿಲಾನ್’ ಎಂಬ ನೂಲನ್ನು ರೂಪಿಸಿದರು. ೧೯೪೨ರಲ್ಲಿ ಗೆಸ್ಟಾಪೋ ಅವರನ್ನು ಕೆಲವು ತಿಂಗಳು ಸೆರೆಯಲ್ಲಿಟ್ಟಿತು. ಯುದ್ಧ ಮುಗಿದ ಮೇಲೆ ಪ್ರಾಧ್ಯಾಪಕರಾದರು. ೧೯೫೮ರಲ್ಲಿ ರಾಜಕೀಯ ಕಾರಣಗಳಿಂದ ಪ್ರಾಗಿನ ರಾಸಾಯನಿಕ ತಂತ್ರಜ್ಞಾನ ವಿದ್ಯಾಲಯದಿಂದ ಹೊರಹಾಕಲ್ಪಟ್ಟರು. ಮರುವರ್ಷ ವಿಜ್ಞಾನ ಅಕಾಡೆಮಿಯ ಹೊಸ ಮಹಾಣು ರಸಾಯನ ಸಂಸ್ಥೆಗೆ ನಿರ್ದೇಶಕರಾದರಾದರೂ ಅದರ ಸ್ವಂತ ಕಟ್ಟಡ ಆಗಿನ್ನೂ ಸಿದ್ಧವಾಗಿರಲಿಲ್ಲ. ಇತ್ತ ಆರೋಗ್ಯ ಸಚಿವಾಲಯವು ಮಸೂರಗಳ ಕೆಲಸ ವ್ಯರ್ಥವೆಂದು ನಿರ್ಣಯಿಸಿ ಬೆಂಬಲವನ್ನು ಹಿಂತೆಗೆದುಕೊಂಡಿತು.

ಇಲ್ಲಿಂದ ಮುಂದೆ ಅಡುಗೆಮನೆಯ ದೃಶ್ಯ. ನಮ್ಮಲ್ಲಿ ಹಳಬರಿಗೆ ‘ಮೆಕಾನೋ’ ಹೆಸರಿನಿಂದ ಗೊತ್ತಿರುವ ಆಟಿಕೆಗೆ ಸಾಟಿಯಾದ ‘ಮರ್ಕುರ್’ ಎಂಬ ಲೋಹದ ಪಟ್ಟಿಗಳ ಆಟಿಕೆ, ಸೈಕಲ್ಲಿನ ಡೈನಮೋ, ಮನೆಯ ಕರೆಗಂಟೆಯ ಟ್ರಾನ್ಸ್‌ಫಾರ್ಮರ್ — ಇಷ್ಟೇ ಸಾಮಗ್ರಿ. ತಿರುಗುವ ಪುಟ್ಟ ಅಚ್ಚುಗಳಲ್ಲಿ ದ್ರವವನ್ನು ಹಾಕಿ, ತಿರುಗುತ್ತಿರುವಾಗಲೇ ಗಟ್ಟಿಗೊಳಿಸಿ, ಆ ದಿನ ನಾಲ್ಕು ಮಸೂರಗಳನ್ನು ಪಡೆದರು. ಮುಂದಿನ ಕೆಲವೇ ತಿಂಗಳುಗಳಲ್ಲಿ ಪತ್ನಿ ಲಿಂಡಾ ಅವರ ನೆರವಿನಿಂದ ಮನೆಯಲ್ಲಿಯೇ ಸಾವಿರಾರು ಮಸೂರಗಳು ತಯಾರಾದುವು. ಅಧಿಕಾರಶಾಹಿ ಸೋತಿತು, ಪ್ರತಿಭೆ ಗೆದ್ದಿತು.

ಎಂಥ ಸೊಗಸಾದ ಕಥೆ! ನಾಯಕನಿದ್ದಾನೆ, ಖಳನಿದ್ದಾನೆ, ಹಬ್ಬದ ದಿನವಿದೆ, ಮಕ್ಕಳ ಆಟಿಕೆಯಿದೆ. ಇಷ್ಟು ಅಚ್ಚುಕಟ್ಟಾಗಿ ಒದಗಿಬಂದ ಕಥೆಯನ್ನು ಇತಿಹಾಸದ ವಿದ್ಯಾರ್ಥಿ ಸ್ವಲ್ಪ ಅನುಮಾನದಿಂದಲೇ ನೋಡಬೇಕು.

೩

ಯಾವ ವೃತ್ತಾಂತವನ್ನೇ ಆಗಲಿ ಪರೀಕ್ಷಿಸುವಾಗ ನಾವು ಕೇಳುವ ಪ್ರಶ್ನೆಗಳು ಎರಡು: ಹೇಳಿದವರು ಯಾರು? ಯಾವಾಗ ಹೇಳಿದರು? ಅಡುಗೆಮನೆಯ ಪ್ರಸಂಗದ ವಿವರಗಳು ಬಹುಮಟ್ಟಿಗೆ ವಿಖ್ಟರ್ಲೆ ಅವರ ಸ್ವಂತ ನಿರೂಪಣೆಗೆ ಸಲ್ಲುತ್ತವೆ. ಅವರ ಸ್ಮೃತಿಗ್ರಂಥ ಬೆಳಕು ಕಂಡದ್ದು ೧೯೯೦ರ ದಶಕದ ಆದಿಯಲ್ಲಿ, ಎಂದರೆ ಘಟನೆ ನಡೆದು ಮೂವತ್ತು ವರ್ಷಗಳ ಅನಂತರ. ಇಷ್ಟರಿಂದಲೇ ಅದು ನಂಬಿಕೆಗೆ ಅರ್ಹವಲ್ಲವೆಂದು ತೀರ್ಮಾನಿಸಬೇಕಾಗಿಲ್ಲ. ಆ ಯಂತ್ರ ಇಂದಿಗೂ ಉಳಿದಿದೆ. ವಸ್ತುರೂಪದ ಸಾಕ್ಷ್ಯಕ್ಕೆ ಇದಕ್ಕಿಂತ ಹೆಚ್ಚಿನದನ್ನು ಯಾರೂ ಬಯಸಲಾರರು. ಆದರೆ ಯಂತ್ರ ಉಳಿದಿದೆ ಎಂಬುದರಿಂದ ಸಿದ್ಧವಾಗುವುದು ಅಂಥದೊಂದು ಯಂತ್ರ ಇತ್ತು ಎಂಬುದು ಮಾತ್ರ. ಆ ಯಂತ್ರದಿಂದಲೇ ಮೃದುಮಸೂರ ಹುಟ್ಟಿತು ಎಂಬ ವ್ಯಾಖ್ಯಾನ ಬೇರೆ ಮಾತು. ಅದನ್ನು ಸಮಕಾಲೀನ ದಾಖಲೆಗಳ ಎದುರು ನಿಲ್ಲಿಸಿ ನೋಡಬೇಕು.

ಅಂಥ ದಾಖಲೆಗಳಲ್ಲಿ ಎರಡು ಮುಖ್ಯವಾದುವು. ಒಂದು, ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ೧೯೬೦ರ ಜನವರಿಯಲ್ಲಿ ಅಚ್ಚಾದ, ಜೈವಿಕ ಉಪಯೋಗಕ್ಕೆ ತಕ್ಕ ಜಲಸ್ನೇಹಿ ಜೆಲ್‌ಗಳನ್ನು ಕುರಿತ ಪುಟ್ಟ ಲೇಖನ. ಎರಡು, ಅಂಥ ಜಲಸ್ನೇಹಿ ಪಾಲಿಮರುಗಳಿಂದ ವಸ್ತುಗಳನ್ನು ರೂಪಿಸುವ ವಿಧಾನಕ್ಕೆ ೧೯೬೧ರ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ದೊರೆತ ಪೇಟೆಂಟು. ಎರಡೂ ಕ್ರಿಸ್ಮಸ್ ದಿನಕ್ಕಿಂತ ಹಿಂದಿನವು. ಎರಡರಲ್ಲಿಯೂ ಇಬ್ಬರ ಹೆಸರುಗಳಿವೆ: ಓಟೋ ವಿಖ್ಟರ್ಲೆ ಮತ್ತು ಡ್ರಾಹೋಸ್ಲಾವ್ ಲೀಮ್.

ಕಥೆಯನ್ನು ಕೇಳಿದ ನಮ್ಮಲ್ಲಿ ಎಷ್ಟು ಮಂದಿ ಈ ಎರಡನೆಯ ಹೆಸರನ್ನು ಕೇಳಿದ್ದೇವೆ? ಲೀಮ್ ಅವರು ವಿಖ್ಟರ್ಲೆ ಅವರ ಕೈಕೆಳಗೆ ಕೆಲಸಮಾಡುತ್ತಿದ್ದ ತರುಣ ರಸಾಯನವಿಜ್ಞಾನಿ. ೧೯೫೦ರ ದಶಕದ ಮೊದಲ ಭಾಗದಲ್ಲಿ ಪ್ರಯೋಗಾಲಯದಲ್ಲಿ ಆ ಜೆಲ್ಲನ್ನು ಸಿದ್ಧಪಡಿಸಿದ ಕೈ ಅವರದು. ಲೇಖನದಲ್ಲಿಯೂ ಪೇಟೆಂಟಿನಲ್ಲಿಯೂ ವಿಖ್ಟರ್ಲೆ ಅವರು ಸಹೋದ್ಯೋಗಿಯ ಹೆಸರನ್ನು ತಮ್ಮ ಹೆಸರಿನ ಪಕ್ಕದಲ್ಲಿಯೇ ಇಟ್ಟರು. ಅದನ್ನು ಅಳಿಸಿದವರು ಕಥೆಯನ್ನು ಮತ್ತೆ ಮತ್ತೆ ಹೇಳಿದ ನಾವು. ಇದೇ ರೀತಿ ಮರೆಯಾದ ಇನ್ನೊಬ್ಬರು ಪ್ರಾಗಿನ ನೇತ್ರವೈದ್ಯ ಮ್ಯಾಕ್ಸಿಮಿಲಿಯನ್ ಡ್ರೈಫುಸ್. ಈ ಹೊಸ ವಸ್ತುವನ್ನು ರೋಗಿಗಳ ಕಣ್ಣಿನಲ್ಲಿಟ್ಟು ನೋಡಿದವರು ಅವರು. ಕಣ್ಣಿಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ಯಾವ ಅಡುಗೆಮನೆಯ ಮೇಜೂ ಹೇಳಲಾರದು.

೪

ಹಾಗಾದರೆ ಕ್ರಿಸ್ಮಸ್ ದಿನ ಆದದ್ದೇನು? ಇದನ್ನು ತಿಳಿಯಲು ವಸ್ತುವಿನ ವಿಚಾರಕ್ಕೆ ಸ್ವಲ್ಪ ಹೋಗಬೇಕು.

ಸ್ಪರ್ಶಮಸೂರದ ಪ್ರಯತ್ನಗಳು ಹಳೆಯವು. ಜ್ಯೂರಿಕ್ಕಿನ ವೈದ್ಯ ಅಡಾಲ್ಫ್ ಫಿಕ್ ತಾನು ಮಾಡಿಸಿದ ಗಾಜಿನ ಮಸೂರಗಳನ್ನು ೧೮೮೮ರಲ್ಲಿಯೇ ವರ್ಣಿಸಿದ್ದನು. ಅವು ಭಾರವಾಗಿದ್ದುವು; ಕಣ್ಣಿನ ಬಿಳಿಯ ಭಾಗವನ್ನೂ ಮುಚ್ಚುತ್ತಿದ್ದುವು; ಹೆಚ್ಚು ಹೊತ್ತು ಸಹಿಸಲಾಗುತ್ತಿರಲಿಲ್ಲ. ೧೯೩೦ರ ದಶಕದಲ್ಲಿ ‘ಪ್ಲೆಕ್ಸಿಗ್ಲಾಸ್’, ‘ಪರ್ಸ್‌ಪೆಕ್ಸ್’ ಎಂಬ ವ್ಯಾಪಾರನಾಮಗಳಿಂದ ಪಾಲಿಮಿಥೈಲ್ ಮೆಥಾಕ್ರಿಲೇಟ್ ಪೇಟೆಗೆ ಬಂದಿತು. ಗಾಜಿನಂತೆ ಪಾರದರ್ಶಕ, ಗಾಜಿಗಿಂತ ಹಗುರ, ಬಿದ್ದರೆ ಚೂರಾಗದು. ೧೯೪೮ರಲ್ಲಿ ಅಮೆರಿಕದ ಕೆವಿನ್ ಟೂಹಿ ಇದರಿಂದ ಕಾರ್ನಿಯಾವನ್ನು ಮಾತ್ರ ಆವರಿಸುವ ಪುಟ್ಟ ಮಸೂರವನ್ನು ರೂಪಿಸಿದನು. ಆದರೂ ಅದು ಗಡುಸು. ನೀರನ್ನು ಹೀರದು, ಪ್ರಾಣವಾಯುವನ್ನು ಒಳಗೆ ಬಿಡದು.

ವಿಖ್ಟರ್ಲೆ ಮತ್ತು ಲೀಮ್ ಅವರ ಹೆಗ್ಗಳಿಕೆ ಇರುವುದು ಇಲ್ಲಿ. ದೇಹದೊಡನೆ ಸದಾ ಸಂಪರ್ಕದಲ್ಲಿರಬೇಕಾದ ವಸ್ತು ಹೇಗಿರಬೇಕು ಎಂಬ ಪ್ರಶ್ನೆಯನ್ನು ಅವರು ಬುಡದಿಂದಲೇ ಕೇಳಿದರು. ಅಂದಿನವರೆಗೆ ವೈದ್ಯರು ಕಾರ್ಖಾನೆಗಳು ಬೇರೆ ಕೆಲಸಕ್ಕಾಗಿ ತಯಾರಿಸಿದ ಪದಾರ್ಥಗಳಲ್ಲಿ ಯಾವುದು ಶರೀರಕ್ಕೆ ಕಡಿಮೆ ಹಾನಿಕರ ಎಂದು ಆರಿಸಿಕೊಳ್ಳುತ್ತಿದ್ದರು. ಇವರು ಶರೀರದಿಂದ ಆರಂಭಿಸಿ ಪದಾರ್ಥದ ಕಡೆಗೆ ಬಂದರು. ಜೀವಂತ ಅಂಗಾಂಶದ ಬಹುಭಾಗ ನೀರು. ಆದುದರಿಂದ ಆ ವಸ್ತುವೂ ಬೇಕಾದಷ್ಟು ನೀರನ್ನು ಹಿಡಿದಿಡಬಲ್ಲ ರಚನೆಯುಳ್ಳದ್ದಾಗಿರಬೇಕು. ದೇಹದ ಸಹಜವ್ಯಾಪಾರಗಳಿಂದ ಅದು ಕೆಡಬಾರದು. ದೇಹಕ್ಕೆ ಬೇಕಾದ, ದೇಹ ಹೊರಹಾಕುವ ಪದಾರ್ಥಗಳು ಅದರ ಮೂಲಕ ಸಂಚರಿಸುವಂತಿರಬೇಕು. ೧೯೬೦ರ ಲೇಖನದ ಸಾರ ಇದೇ. ಗಮನಿಸಬೇಕಾದುದೆಂದರೆ ಆ ಲೇಖನದ ದೃಷ್ಟಿ ಮಸೂರವೊಂದಕ್ಕೇ ಸೀಮಿತವಾಗಿಲ್ಲ. ಶರೀರದೊಳಗೆ ಇಡಬಹುದಾದ ಯಾವುದೇ ಸಾಧನಕ್ಕೂ ಅದು ಅನ್ವಯಿಸುತ್ತದೆ. ವಿಖ್ಟರ್ಲೆ ಅವರು ಹೇಳುವಂತೆ ಈ ವಿಚಾರದ ಮೊಳಕೆ ೧೯೫೨ರ ರೈಲು ಪ್ರಯಾಣವೊಂದರಲ್ಲಿದೆ: ಸಹಪ್ರಯಾಣಿಕನಾಗಿದ್ದ ಅಧಿಕಾರಿಯೊಬ್ಬನು ತೆಗೆದುಹಾಕಿದ ಕಣ್ಣಿನ ಸ್ಥಳದಲ್ಲಿ ಲೋಹವನ್ನಿಡುವ ಲೇಖನವನ್ನು ಓದುತ್ತಿದ್ದುದನ್ನು ಕಂಡು, ಲೋಹಕ್ಕಿಂತ ಅಂಗಾಂಶಕ್ಕೆ ಹತ್ತಿರವಾದ ಪ್ಲಾಸ್ಟಿಕ್ಕು ಲೇಸೆಂದು ಅವರು ವಾದಿಸಿದರಂತೆ.

ಅವರಿಗೆ ದೊರೆತ ಉತ್ತರವೂ ಸೊಗಸಾದುದೇ. ಹೈಡ್ರಾಕ್ಸಿ ಈಥೈಲ್ ಮೆಥಾಕ್ರಿಲೇಟ್ ಎಂಬುದು ಪರ್ಸ್‌ಪೆಕ್ಸಿನ ದಾಯಾದಿ, ಬೆನ್ನೆಲುಬು ಒಂದೇ. ಆದರೆ ಅದರ ಪಾರ್ಶ್ವದಲ್ಲಿ ನೀರನ್ನು ಆಕರ್ಷಿಸುವ ಹೈಡ್ರಾಕ್ಸಿಲ್ ಗುಂಪು ಇದೆ. ಇಂಥ ಅಣುಸರಪಳಿಗಳನ್ನು ಅಲ್ಲಲ್ಲಿ ಅಡ್ಡಕೊಂಡಿಗಳಿಂದ ಬೆಸೆದರೆ ಬಲೆಯಂಥ ರಚನೆಯುಂಟಾಗುತ್ತದೆ. ನೀರು ಆ ಬಲೆಯೊಳಗೆ ಸೇರುತ್ತದೆ. ಆದರೆ ಕೊಂಡಿಗಳಿರುವುದರಿಂದ ಬಲೆ ಕರಗಿಹೋಗುವುದಿಲ್ಲ. ಒಣಗಿದಾಗ ಗಡುಸಾದ ಪದಾರ್ಥ, ತನ್ನ ಒಟ್ಟು ತೂಕದಲ್ಲಿ ನೂರಕ್ಕೆ ಸುಮಾರು ೩೮ರಷ್ಟು ನೀರಾಗುವವರೆಗೆ ಹೀರಿ ಉಬ್ಬಿ, ಮೆತ್ತಗಾಗಿ, ಪಾರದರ್ಶಕವಾಗಿಯೇ ಉಳಿಯುತ್ತದೆ.

ಇಷ್ಟೆಲ್ಲ ಸಿದ್ಧವಾದ ಮೇಲೂ ಉಳಿದಿದ್ದ ತೊಡಕು ಮಸೂರದ ಆಕಾರದ್ದು. ಮುಚ್ಚಿದ ಅಚ್ಚುಗಳಲ್ಲಿ ಎರಕಹೊಯ್ದು ತೆಗೆಯುವಾಗ ಅಂಚುಗಳು ಹರಿದುಹೋಗುತ್ತಿದ್ದುವು. ಒರಟಾದ ಅಂಚು ರೆಪ್ಪೆಗೆ ತಗುಲುತ್ತಿತ್ತು. ತೆರೆದ ಅಚ್ಚನ್ನು ತಿರುಗಿಸಿದರೆ ದ್ರವವು ಕೇಂದ್ರದಿಂದ ಅಂಚಿನ ಕಡೆಗೆ ಏರಿ ತಾನಾಗಿಯೇ ಬಟ್ಟಲಿನಂತೆ ಬಾಗುತ್ತದೆ. ಹೊರಮೈಯನ್ನು ಅಚ್ಚು, ಒಳಮೈಯನ್ನು ತಿರುಗುವ ವೇಗ ನಿರ್ಣಯಿಸುತ್ತವೆ; ಅಂಚು ನಯವಾಗಿ ಮುಗಿಯುತ್ತದೆ. ಕ್ರಿಸ್ಮಸ್ ದಿನ ಬಗೆಹರಿದದ್ದು ಈ ತೊಡಕು. ಅದು ಚತುರವಾದ ಪರಿಹಾರ, ನಿಜ. ಆದರೆ ಅದು ತಯಾರಿಕೆಯ ಸಮಸ್ಯೆಗೆ ಪರಿಹಾರ. ಪದಾರ್ಥದ ಸಮಸ್ಯೆ ವರ್ಷಗಳ ಹಿಂದೆಯೇ, ಗಾಜಿನ ಪಾತ್ರೆಗಳೂ ಶುದ್ಧ ರಾಸಾಯನಿಕಗಳೂ ಸಂಬಳ ಪಡೆಯುವ ಸಹಾಯಕರೂ ಇದ್ದ ಪ್ರಯೋಗಾಲಯದಲ್ಲಿ ಬಗೆಹರಿದಿತ್ತು. ಆಟಿಕೆಯ ಯಂತ್ರದೊಳಗೆ ಹನಿಹನಿಯಾಗಿ ಬಿದ್ದ ದ್ರವ ಆಟಿಕೆಯ ಪೆಟ್ಟಿಗೆಯಿಂದ ಬಂದದ್ದಲ್ಲ.

೫

ಕಥೆಯಲ್ಲಿ ಖಳನ ಪಾತ್ರ ವಹಿಸುವ ಪ್ರಭುತ್ವವನ್ನು ಕುರಿತೂ ಒಂದು ಮಾತು. ಜೆಕೊಸ್ಲೊವಾಕಿಯದ ಸರ್ಕಾರ ವಿಖ್ಟರ್ಲೆ ಅವರಿಗೆ ಮಾಡಿದ ಅನ್ಯಾಯ ಸಣ್ಣದಲ್ಲ. ೧೯೫೮ರ ಉಚ್ಚಾಟನೆಯ ಮಾತಂತಿರಲಿ. ೧೯೬೮ರ ‘ಎರಡು ಸಾವಿರ ಪದಗಳು’ ಎಂಬ ಪ್ರಕಟನೆಗೆ ಸಹಿಹಾಕಿದವರಲ್ಲಿ ಒಬ್ಬರಾಗಿದ್ದ ಕಾರಣ ಮುಂದೆ ಸಂಸ್ಥೆಯ ನಿರ್ದೇಶಕತ್ವವನ್ನೂ ಕಳೆದುಕೊಂಡರು. ಅಕಾಡೆಮಿಯು ಪೇಟೆಂಟಿನ ಹಕ್ಕುಗಳನ್ನು ೧೯೬೫ರಲ್ಲಿ ಅಮೆರಿಕದ ಕಂಪೆನಿಯೊಂದಕ್ಕೆ ವಹಿಸಿಕೊಟ್ಟಿತು. ಅದರಿಂದ ಅವು ಬಾಷ್ ಅಂಡ್ ಲಾಂಬ್ ಸಂಸ್ಥೆಯ ಕೈಸೇರಿದುವು. ೧೯೭೧ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ ಅನುಮತಿ ದೊರೆತು ಮೃದುಮಸೂರ ಲೋಕಪ್ರಸಿದ್ಧವಾಯಿತು. ಇದರಿಂದ ಹುಟ್ಟಿದ ಐಶ್ವರ್ಯದಲ್ಲಿ ಸಂಶೋಧಕರಿಗೆ ಸಂದದ್ದು ತೀರ ಅಲ್ಪ. ೧೯೯೦ರಲ್ಲಿ, ಆಳ್ವಿಕೆ ಬದಲಾದ ಮೇಲೆ, ಅದೇ ಅಕಾಡೆಮಿ ಅವರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿಕೊಂಡಿತು. ೧೯೯೮ರಲ್ಲಿ ಅವರು ತೀರಿಕೊಂಡರು.

ಇದೆಲ್ಲವೂ ದಿಟ. ಆದರೆ ಜೆಲ್ಲು ಹುಟ್ಟಿದ ಪ್ರಯೋಗಾಲಯವನ್ನು ನಡೆಸುತ್ತಿದ್ದುದೂ ಅದೇ ಪ್ರಭುತ್ವ. ಮಹಾಣು ರಸಾಯನಕ್ಕೆಂದೇ ಒಂದು ಸಂಸ್ಥೆಯನ್ನು ಕಟ್ಟಲು ಹಣ ಕೊಟ್ಟದ್ದೂ, ವಿದೇಶಗಳಲ್ಲಿ ಪೇಟೆಂಟು ಪಡೆಯಲು ಏರ್ಪಾಡು ಮಾಡಿದ್ದೂ ಅದೇ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಿತು ಎಂಬುದು ಸತ್ಯಕ್ಕೆ ಹತ್ತಿರ. ಕಿತ್ತುಕೊಂಡ ಕೈಯನ್ನು ಮಾತ್ರ ತೋರಿಸುವ ಕಥೆ ಅರ್ಧ ಇತಿಹಾಸ. ಅಷ್ಟೇ ಅಲ್ಲ; ಅಡುಗೆಮನೆಯ ಯಂತ್ರ ಗೆದ್ದೊಡನೆ ಕೆಲಸ ಮತ್ತೆ ಸಂಸ್ಥೆಗೇ ಮರಳಿತು ಎಂಬುದನ್ನೂ ಮರೆಯಬಾರದು.

೬

ಇಂಥದೇ ಇನ್ನೊಂದು ಉದಾಹರಣೆಯನ್ನು ಹೋಲಿಕೆಗಾಗಿ ನೋಡಬಹುದು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಮೇಲ್ಕವಚದ ಪರ್ಸ್‌ಪೆಕ್ಸ್ ಚೂರುಗಳು ಚಾಲಕರ ಕಣ್ಣಿಗೆ ನೆಟ್ಟರೂ ಉರಿಯೂತ ಉಂಟುಮಾಡದಿದ್ದುದನ್ನು ಲಂಡನ್ನಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲಿ ಕಂಡರು. ೧೯೪೯ರ ನವೆಂಬರ್ ೨೯ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಪೊರೆ ತೆಗೆದ ಕಣ್ಣಿನೊಳಗೆ ಪ್ಲಾಸ್ಟಿಕ್ ಮಸೂರವನ್ನಿಡುವ ಚಿಕಿತ್ಸೆಯನ್ನು ಆರಂಭಿಸಿದರು. ಇದೂ ರಮ್ಯವಾದ ಕಥೆ. ಇಲ್ಲಿಯೂ ಮರೆಯಾಗುವವರು ಕಣ್ಣಿಗೆ ತಕ್ಕಂತೆ ಆ ಪ್ಲಾಸ್ಟಿಕ್ಕನ್ನು ಶುದ್ಧಿಮಾಡಿಕೊಟ್ಟ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ರಸಾಯನಜ್ಞರು, ಮಸೂರವನ್ನು ಕಡೆದುಕೊಟ್ಟ ರೇನರ್ ಸಂಸ್ಥೆಯ ಕುಶಲಿಗಳು. ರಿಡ್ಲಿ ಅವರ ಪದ್ಧತಿಯನ್ನು ಹಿರಿಯ ವೈದ್ಯರು ದಶಕಗಳ ಕಾಲ ವಿರೋಧಿಸಿದರು. ಅವರಿಗೆ ನೈಟ್ ಪದವಿ ಬಂದದ್ದು ೨೦೦೦ದಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ. ಅದೇ ಮಸೂರ ನಮ್ಮ ದೇಶದ ಬಡವರ ಕಣ್ಣಿಗೆ ತಲುಪಿದ್ದಕ್ಕೂ ಕಾರಣ ಒಬ್ಬನ ಪ್ರತಿಭೆಯಲ್ಲ: ೧೯೯೨ರಲ್ಲಿ ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಆಶ್ರಯದಲ್ಲಿ ‘ಆರೋಲ್ಯಾಬ್’ ಎಂಬ ಕಾರ್ಖಾನೆ ಹುಟ್ಟಿ, ಕಡಿಮೆ ಬೆಲೆಗೆ ಅವನ್ನು ತಯಾರಿಸತೊಡಗಿದ್ದು.

ಮೃದುಮಸೂರದ ಮುಂದಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದು ಪ್ರಾಣವಾಯುವನ್ನು ಬಹುಮಟ್ಟಿಗೆ ಗಾಳಿಯಿಂದಲೇ ಪಡೆಯಬೇಕು. ಪ್ರಾಗಿನ ಜೆಲ್ಲಿನಲ್ಲಿ ಪ್ರಾಣವಾಯು ಸಾಗುವುದು ಅದರಲ್ಲಿರುವ ನೀರಿನ ಮೂಲಕ. ಹಗಲಿಗೆ ಅದು ಹೇಗೋ ಸಾಕಾದರೂ ಕಣ್ಣು ಮುಚ್ಚಿ ಮಲಗಿದಾಗ ಸಾಲದು. ಸಿಲಿಕೋನ್ ಪ್ರಾಣವಾಯುವನ್ನು ಧಾರಾಳವಾಗಿ ಬಿಡುತ್ತದೆ. ಆದರೆ ನೀರನ್ನು ದೂರವಿಡುತ್ತದೆ. ಎಣ್ಣೆ ಸೀಗೆಕಾಯಿಗಳಂತಿರುವ ಈ ಎರಡನ್ನು ಪಾರದರ್ಶಕತೆ ಕೆಡದಂತೆ ಒಂದುಗೂಡಿಸಲು ದೊಡ್ಡ ಸಂಸ್ಥೆಗಳ ತಂಡಗಳು ವರ್ಷಗಟ್ಟಲೆ ದುಡಿಯಬೇಕಾಯಿತು. ಸಿಲಿಕೋನ್ ಹೈಡ್ರೋಜೆಲ್ ಮಸೂರಗಳು ಮಾರುಕಟ್ಟೆಗೆ ಬಂದದ್ದು ೧೯೯೯ರಲ್ಲಿ. ಈ ಅಧ್ಯಾಯಕ್ಕೆ ಹಬ್ಬದ ದಿನವೂ ಇಲ್ಲ, ಆಟಿಕೆಯೂ ಇಲ್ಲ. ಆದುದರಿಂದಲೇ ಇದನ್ನು ಯಾರೂ ಕಥೆಯಾಗಿ ಹೇಳುವುದಿಲ್ಲ.

೭

ಇಷ್ಟು ಸೂಕ್ಷ್ಮವಾಗಿ ವಿಚಾರಿಸುವ ಅಗತ್ಯವೇನು ಎಂದು ವಾಚಕರು ಕೇಳಬಹುದು. ಕಥೆಯಿಂದ ನಾಲ್ಕು ಮಂದಿ ಹುಡುಗರಿಗೆ ಉತ್ಸಾಹ ಹುಟ್ಟಿದರೆ ನಷ್ಟವೇನು? ನಾನೂ ಹಾಗೆಯೇ ಎಣಿಸಿದ್ದೆ. ಅನೇಕ ವರ್ಷ ಈ ಕಥೆಯನ್ನು, ಲೀಮ್ ಅವರ ಹೆಸರಿಲ್ಲದೆ, ತರಗತಿಯಲ್ಲಿ ಹೇಳಿದವರಲ್ಲಿ ನಾನೂ ಒಬ್ಬ.

ಹಿಂದೆ ನಾನು ಕೆಲಸಮಾಡುತ್ತಿದ್ದ ಕಾಲೇಜೊಂದರ ವಾರ್ಷಿಕ ಸಮಾರಂಭದಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು ತಮ್ಮ ವಿಭಾಗದ ದುಃಸ್ಥಿತಿಯನ್ನು ಅತಿಥಿಗಳ ಮುಂದೆ ತೋಡಿಕೊಂಡರು. ತಕ್ಕಡಿ ಕೆಟ್ಟು ಎರಡು ವರ್ಷವಾಗಿತ್ತು. ಹತ್ತು ಹುಡುಗರಿಗೆ ಒಂದು ಬ್ಯೂರೆಟ್ಟು. ಉತ್ತರ ಹೇಳಲು ಎದ್ದ ಗಣ್ಯರು ನಸುನಗುತ್ತ ವಿಖ್ಟರ್ಲೆ ಅವರ ಕಥೆಯನ್ನು ಹೇಳಿದರು. ಮಕ್ಕಳ ಆಟಿಕೆಯಿಂದ ಲೋಕವನ್ನೇ ಬದಲಾಯಿಸಿದ ಮಹಾನುಭಾವರಿದ್ದಾರೆ, ಮನಸ್ಸಿದ್ದರೆ ಮಾರ್ಗ, ಸಲಕರಣೆಗಳ ನೆಪ ಹೇಳಬಾರದು — ಇದು ಅವರ ಉಪದೇಶ. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ವಿದ್ಯಾರ್ಥಿಗಳು ನನ್ನ ಕಡೆಗೆ ತಿರುಗಿ ನೋಡಿದರು. ಆ ಕಥೆಯನ್ನು ಅವರು ಮೊದಲು ಕೇಳಿದ್ದು ನನ್ನಿಂದ. ವೇದಿಕೆಯ ಮೇಲಿದ್ದ ಆ ಅಧ್ಯಾಪಕರು ತಲೆ ತಗ್ಗಿಸಿ ಕುಳಿತರು. ತಕ್ಕಡಿ ಬರಲಿಲ್ಲ.

ಅಂದು ನನಗೆ ಹೊಳೆದ ಮಾತು ಇದು: ಪ್ರಭುತ್ವವನ್ನು ಸೋಲಿಸಿದ ಕಥೆಯೆಂದು ನಾವು ಹೇಳುವುದು ಪ್ರಭುತ್ವಕ್ಕೆ ಬಹಳ ಅನುಕೂಲವಾದ ಕಥೆ. ಪ್ರಯೋಗಾಲಯವನ್ನು ಕಿತ್ತುಕೊಂಡರೂ ಪ್ರತಿಭೆ ಅರಳುತ್ತದೆ ಎಂದು ಸಿದ್ಧವಾದರೆ ಪ್ರಯೋಗಾಲಯವನ್ನು ಕೊಡುವ ಹೊಣೆ ಯಾರಿಗೂ ಉಳಿಯುವುದಿಲ್ಲ. ಆ ವೃದ್ಧ ವಿಜ್ಞಾನಿಯ ಬವಣೆಯನ್ನು ಅವರನ್ನು ಬವಣೆಗೆ ಗುರಿಮಾಡಿದಂಥವರ ಸಮರ್ಥನೆಗೇ ನಾವು ಒದಗಿಸಿಕೊಟ್ಟಂತಾಗುತ್ತದೆ.

ಕಥೆಯನ್ನು ತ್ಯಜಿಸಬೇಕೆಂದು ನನ್ನ ವಾದವಲ್ಲ. ಬೆಂಬಲ ತಪ್ಪಿದಾಗಲೂ ಕೈಬಿಡದ ಆ ಹಟ ಗೌರವಕ್ಕೆ ಅರ್ಹವಾದುದೇ. ಆ ಯಂತ್ರದ ಚಿತ್ರವನ್ನು ನಾನು ಈಗಲೂ ತರಗತಿಯಲ್ಲಿ ತೋರಿಸುತ್ತೇನೆ. ಆದರೆ ಅದರ ಪಕ್ಕದಲ್ಲಿ ಕಪ್ಪುಹಲಗೆಯ ಮೇಲೆ ನಾಲ್ಕು ಸಾಲುಗಳನ್ನು ಬರೆಯುತ್ತೇನೆ: ೧೯೫೨, ರೈಲಿನಲ್ಲಿ ಹುಟ್ಟಿದ ವಿಚಾರ, ೧೯೬೦, ಇಬ್ಬರ ಹೆಸರಿನ ಲೇಖನ, ೧೯೬೧ರ ಮಾರ್ಚ್, ಇಬ್ಬರ ಹೆಸರಿನ ಪೇಟೆಂಟು, ೧೯೬೧ರ ಡಿಸೆಂಬರ್, ಆಟಿಕೆಯ ಯಂತ್ರ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಒಂಬತ್ತು ವರ್ಷಗಳ ಅಂತರ. ಆ ಒಂಬತ್ತು ವರ್ಷಗಳಲ್ಲಿ ಯಾರು ಯಾರು ಕೆಲಸಮಾಡಿದರು, ಅವರಿಗೆ ಸಂಬಳ ಕೊಟ್ಟವರು ಯಾರು, ಸಲಕರಣೆ ಎಲ್ಲಿಂದ ಬಂದಿತು ಎಂದು ವಿದ್ಯಾರ್ಥಿಗಳನ್ನು ಕೇಳುತ್ತೇನೆ. ಕಳೆದ ವರ್ಷ ಒಬ್ಬ ಹುಡುಗಿ ಎದ್ದು, ಹಾಗಾದರೆ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಈ ವರ್ಷ ಎಷ್ಟು ಹಣ ಬಂದಿದೆ ಎಂದು ಕೇಳಿದಳು. ಇತಿಹಾಸದ ಪಾಠದಿಂದ ಹುಟ್ಟಬೇಕಾದ ಪ್ರಶ್ನೆ ಅಂಥದು ಎಂದು ನನ್ನ ಭಾವನೆ.